ನಾನೇ ಕಿತ್ತ ಕಪಿಲೆ ಕಂಬ

ಇಂಜಿನ್ನಿನ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಅದಕ್ಕೆ ಕಾಯಿಲೆಯಾದರೆ ಅದೇ ಬಾಯಿಬಿಟ್ಟು ಹೇಳುತ್ತದೆ. ರಿಂಗು ಸವೆದಿದ್ದರೆ ನೀಲಿ ಹೊಗೆ ಬಿಡುತ್ತದೆ, ಬೇರಿಂಗು ಹೋಗಿದ್ದರೆ ಬಡಿದುಕೊಳ್ಳುತ್ತದೆ, ಎಣ್ಣೆಯಲ್ಲಿ ನೀರು ಸೇರಿದ್ದರೆ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ನನಗೆ ಸಿಟ್ಟು ಬರುವುದು ಅದನ್ನು ಮಾರುವವರ ಮೇಲೆ, ಅದರ ಪಕ್ಕದಲ್ಲಿ ನಿಂತು ಹಾರ ಹಾಕಿಸಿಕೊಂಡು ಭಾಷಣ ಮಾಡುವವರ ಮೇಲೆ. ನಮ್ಮೂರಿಗೂ ಹೊಸ ಯಂತ್ರ ಬಂತು ಎಂದು ಯಾರಾದರೂ ಹಲ್ಲು ಬಿಟ್ಟುಕೊಂಡು ಬಂದು ಹೇಳಿದರೆ ನಾನು ಕೇಳುವುದು ಒಂದೇ ಮಾತು: ಅದನ್ನು ಕೂರಿಸುವುದಕ್ಕೆ ಅಲ್ಲಿಂದ ಏನನ್ನು ಕಿತ್ತಿರಿ? ಈ ಮುದುಕನಿಗೆ ಯಾವುದೂ ಸರಿಕಾಣುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಕೇಳಲೇಬೇಕಾಗಿದ್ದ ದಿನ ನಾನು ಅದನ್ನು ಕೇಳಲಿಲ್ಲ. ಕೀಳುತ್ತಿದ್ದವನು ನಾನೇ ಆಗಿದ್ದೆ.

ನಮ್ಮೂರು ಉದ್ದನಪಲ್ಲಿಗೆ ಒಂದು ಹರದಾರಿ ದೂರ. ಅಪ್ಪ ಅವ್ವ ಇಬ್ಬರೂ ಬೇಗ ಹೋದರು. ನನಗೆ ಉಳಿದವಳು ಅಕ್ಕ ಒಬ್ಬಳೇ, ಅವಳನ್ನು ಕೊಟ್ಟಿದ್ದೂ ನಮ್ಮೂರಿನಲ್ಲೇ. ಭಾವನಿಗೆ ಊರ ಪಡುವಣಕ್ಕೆ ಒಂದು ಎಲೆತೋಟವಿತ್ತು. ದೊಡ್ಡದೇನಲ್ಲ, ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಸುತ್ತಿ ಬರಬಹುದಾದಷ್ಟು. ಅಗಸೆ ಮರಗಳಿಗೆ ಹಬ್ಬಿಸಿದ ವೀಳ್ಯದೆಲೆ ಬಳ್ಳಿ. ಎಲೆಬಳ್ಳಿ ಹಸುಗೂಸಿನ ಹಾಗೆ, ಹೊತ್ತುಹೊತ್ತಿಗೆ ಕುಡಿಸದಿದ್ದರೆ ಬಾಡಿಹೋಗುತ್ತದೆ. ವಾರಕ್ಕೊಮ್ಮೆ ಅಕ್ಕ ಎಲೆ ಕೊಯ್ದು ಕಟ್ಟು ಕಟ್ಟಿ ಒದ್ದೆ ಗೋಣಿಯಲ್ಲಿ ಸುತ್ತಿ ಕೊಡುವಳು, ಭಾವ ಕೆಲಮಂಗಲದ ಸಂತೆಗೆ ಹೊರುವನು. ಆ ಮನೆ ನಡೆಯುತ್ತಿದ್ದುದು ಅದರಿಂದ.

ತೋಟಕ್ಕೆ ನೀರು ಯಜಮಾನರ ಜಮೀನಿನಲ್ಲಿದ್ದ ಬಾವಿಯಿಂದ. ಊರಿನಲ್ಲಿ ಯಜಮಾನರು ಎಂದರೆ ಅವರೊಬ್ಬರೇ. ದೊಡ್ಡ ಹಿಡುವಳಿದಾರರು, ತಮಿಳು, ತೆಲುಗು, ಕನ್ನಡ ಮೂರರಲ್ಲೂ ಮಾತು ಬಲ್ಲವರು. ಬಾವಿ ಇದ್ದ ನೆಲ ಅವರದಾದರೂ ಬಾವಿ ಅವರೊಬ್ಬರದಾಗಿರಲಿಲ್ಲ. ಅವರ ತಾತ, ಭಾವನ ತಾತ ಇಬ್ಬರೂ ಕೂಡಿ ತೋಡಿಸಿದ್ದು. ಕಾಗದಪತ್ರ ಏನೂ ಇರಲಿಲ್ಲ. ನಮ್ಮ ಕಡೆ ಅದಕ್ಕೆ ಕಾಗದ ಬೇಕಾಗಿಯೂ ಇರಲಿಲ್ಲ. ಎತ್ತು ಕಟ್ಟಿ, ತೊಗಲ ಬಾನಿಯಲ್ಲಿ ನೀರೆಳೆಯುವ ಕಪಿಲೆಗೆ ಬಾವಿಯ ದಡದಲ್ಲಿ ಜೋಡಿ ಕಲ್ಲುಕಂಬ ನೆಟ್ಟು ರಾಟೆ ಕೂರಿಸುತ್ತಾರೆ. ಯಾರ ಕಂಬ ದಡದಲ್ಲಿ ನಿಂತಿದೆಯೋ ಅವರಿಗೆ ಆ ಬಾವಿಯಲ್ಲಿ ಪಾಲು. ಅಣ್ಣತಮ್ಮಂದಿರು ಬೇರೆಯಾಗುವಾಗಲೂ ನನಗೆ ಒಂದು ಕಂಬದ ನೀರು, ನಿನಗೆ ಅರೆಗಂಬದ ನೀರು ಎಂದೇ ಮಾತಾಡುತ್ತಿದ್ದರು. ಈ ಬಾವಿಯ ಮೂಡಣ ದಡದಲ್ಲಿ ಯಜಮಾನರ ಕಂಬ, ಪಡುವಣ ದಡದಲ್ಲಿ ಭಾವನ ಕಂಬ. ಅವರದು ಒಂದು ದಿನ, ಇವನದು ಒಂದು ದಿನ. ಎರಡು ತಲೆಮಾರಿನಲ್ಲಿ ಒಂದು ಜಗಳವಾಗಿರಲಿಲ್ಲ.

ಇದೆಲ್ಲ ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಹಾಲು ಕುಡಿಯುವ ವಯಸ್ಸಿನಿಂದ ಗೊತ್ತಿತ್ತು. ಆದರೆ ನಡುವೆ ಬೆಂಗಳೂರಿಗೆ ಹೋಗಿ ಫಿಟ್ಟರ್ ಆಗಿ ಬಂದಿದ್ದೆನಲ್ಲ!

ನನ್ನನ್ನು ಬೆಂಗಳೂರಿಗೆ ಕಳಿಸಿದವರು ಯಜಮಾನರೇ. ಯುದ್ಧದ ಕಾಲ, ವರ್ಕ್‌ಶಾಪುಗಳಿಗೆ ಆಳು ಸಾಲದೆ ಕೈಗೆ ಸಿಕ್ಕವರನ್ನು ಸೇರಿಸಿಕೊಳ್ಳುತ್ತಿದ್ದರು. ಅಪ್ಪ ಅವ್ವ ಇಲ್ಲದ ಹುಡುಗ ದನ ಕಾಯ್ದುಕೊಂಡು ಹಾಳಾಗಬಾರದು ಎಂದು ಅವರೇ ಪರಿಚಯದವರಿಗೆ ಕಾಗದ ಬರೆದು, ತಮ್ಮ ಹಳೇ ಕೋಟು ಕೊಟ್ಟು ಕಳಿಸಿದರು. ಆಮೇಲೆ ಅವರು ಚಳವಳಿಗೆ ಸೇರಿ ಜೈಲಿಗೂ ಹೋಗಿಬಂದರು. ಕೃಷ್ಣಗಿರಿಯಲ್ಲಿ ಅವರು ಭಾಷಣ ಮಾಡಿದಾಗ ನಾನು ರಜೆ ಹಾಕಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದೆ. ಬಡವನ ಕೈಗೆ ಯಂತ್ರ ಬರಬೇಕು ಎಂದರು. ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ. ಇವತ್ತಿಗೂ ನೋಡಿ, ಬರೆಯುವಾಗ ಅವರಿಗೆ ಬಹುವಚನವೇ ಬರುತ್ತಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ಹೊಡೆದಾಟಕ್ಕೇ ನಿಲ್ಲುತ್ತಿದ್ದೆ.

ನಾನು ಹೊಸೂರಿಗೆ ಬಂದು ತಗಡಿನ ಶೆಡ್ಡು ಹಾಕಿಕೊಂಡ ವರ್ಷವೇ ಯಜಮಾನರು ಇಂಜಿನ್ ತರಿಸುವ ಮಾತೆತ್ತಿದರು. ಹೆಚ್ಚು ಬೆಳೆಯಿರಿ, ಹೆಚ್ಚು ಬೆಳೆಯಿರಿ ಎಂದು ಸರ್ಕಾರದವರು ಊರೂರು ಸುತ್ತಿ ಸಾರುತ್ತಿದ್ದ ದಿನಗಳು ಅವು. ಬೆಂಗಳೂರಿನ ಅಂಗಡಿಯವನು ಬಣ್ಣದ ಪುಸ್ತಕ ಹಿಡಿದು ಬಂದ. ಇದು ಹುಲ್ಲು ಕೇಳಲ್ಲ, ಹಿಂಡಿ ಕೇಳಲ್ಲ, ಕುಂಟಲ್ಲ, ಮುದಿಯಾಗಲ್ಲ ಎಂದು ಬಾಯಿಪಾಠ ಒಪ್ಪಿಸಿದ. ಗಾಡಿಯಲ್ಲಿ ಇಂಜಿನ್ ಬಂದಿಳಿದಾಗ ಉಗುರಿನಿಂದ ಹಸಿರು ಬಣ್ಣ ಕೆರೆದು ನೋಡಿದೆ. ಒಳಗೆ ಹಳೇ ಕಪ್ಪು ಬಣ್ಣ, ನಂಬರನ್ನು ಅರದಿಂದ ಉಜ್ಜಿದ ಗುರುತು. ಯಾವುದೋ ಗಿರಣಿಯಲ್ಲಿ ದುಡಿದು ಸುಸ್ತಾದದ್ದಕ್ಕೆ ಹೊಸ ಅಂಗಿ ತೊಡಿಸಿ ಕಳಿಸಿದ್ದ ಪುಣ್ಯಾತ್ಮ. ನಾನು ರಿಂಗು ಬದಲಿಸಿ, ವಾಲ್ವು ಅರೆದು, ಮೂರು ದಿನದಲ್ಲಿ ಅದನ್ನು ದಾರಿಗೆ ತಂದೆ. ಆ ವ್ಯವಹಾರದಲ್ಲಿ ನನಗೆ ಅನುಮಾನ ಬಂದದ್ದು ಆ ಬಣ್ಣದ ಮೇಲೆ ಮಾತ್ರ.

ಇನ್ನು ಕೂರಿಸುವ ಜಾಗ. ಇಂಜಿನ್ ಓಡುವಾಗ ನೆಲ ಅದುರಬಾರದು, ಅದುರಿದರೆ ಬೆಲ್ಟು ಜಾರುತ್ತದೆ. ಬಾವಿಯ ಮೂರು ಕಡೆಯೂ ಸಡಿಲ ಮಣ್ಣು. ಪಡುವಣ ದಡದಲ್ಲಿ ಮಾತ್ರ ಒಳ್ಳೆಯ ಬಂಡೆ. ರಸಮಟ್ಟ ಇಟ್ಟು ನೋಡಿದೆ, ಹೇಳಿ ಮಾಡಿಸಿದ ಹಾಗಿತ್ತು. ಅಡ್ಡ ಇದ್ದದ್ದು ಒಂದೇ, ಭಾವನ ಜೋಡಿ ಕಂಬ.

ಭಾವ ಹೆಚ್ಚು ಮಾತಿನವನಲ್ಲ. ಸುತ್ತಿಗೆ, ಹಾರೆ ತಂದು ನಿಂತ ನನ್ನನ್ನು ನೋಡಿ, "ಕಂಬ ಕೀಳ್ಬೇಡ ಕಣ್ಲಾ. ಪಕ್ದಾಗೆ ಎಲ್ಲಾನ ಇಕ್ಕು ನಿನ್ನ ಇಂಜಿನ್ನ" ಅಂದ.

"ಅಲ್ಲೆಲ್ಲ ಬರೀ ಮಣ್ಣು ಭಾವ. ಬಂಡೆ ಇರದು ಇದೊಂದೇ ಕಡೆ."

"ನಮ್ ತಾತನೂ ಬಂಡೆ ಐತೆ ಅಂತ್ಲೇ ಇಲ್ಲಿ ನಟ್ಟಿದ್ದು."

"ನಿಮ್ ತಾತಂಗೂ ಫಿಟ್ಟರ್ ಬುದ್ಧಿ ಇತ್ತು ಬುಡು" ಎಂದು ನಾನು ನಕ್ಕೆ.

ಭಾವ ನಗಲಿಲ್ಲ. ಕಂಬದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದ. ಅಷ್ಟರಲ್ಲಿ ಯಜಮಾನರು ಬಂದರು. ಅಕ್ಕನೇ ಕೊಯ್ದು ಕೊಟ್ಟ ಎಲೆ, ಅದರ ಮೇಲೆ ಅಡಿಕೆ ಇಟ್ಟು ಭಾವನ ಕೈಗೆ ಕೊಟ್ಟರು.

"ನೋಡಪ್ಪಾ, ನಿನ್ನ ನೀರು ನಿಂದೇ. ಬಾನೀಲಿ ಬಂದ್ರೇನು, ಪೈಪಾಗೆ ಬಂದ್ರೇನು? ಒಂದು ದಿನ ನಂದು, ಒಂದು ದಿನ ನಿಂದು, ಮೊದ್ಲು ಹೆಂಗಿತ್ತೋ ಹಂಗೇ. ಈ ಇಂಜಿನ್ನು ನಂದಲ್ಲ, ಬಾವೀದು ಅನ್ಕೋ. ನಿನ್ನ ಭಾಮೈದನೇ ಕೂರುಸ್ತಾ ಅವ್ನೆ, ಇನ್ನೇನು ಬೇಕು?"

ಕೊನೆಯ ಮಾತಿಗೆ ಭಾವ ನನ್ನ ಮುಖ ನೋಡಿದ. ನಾನು, "ನಾನಿದ್ದೀನಲ್ಲ ಭಾವ" ಅಂದೆ. ಅವನು ಎಲೆಯನ್ನು ಕಣ್ಣಿಗೊತ್ತಿಕೊಂಡು ಪಂಚೆಯ ಅಂಚಿಗೆ ಕಟ್ಟಿಕೊಂಡ. ನಾನು ಹಾರೆ ಹಾಕಿದೆ. ಬಂಡೆಯನ್ನು ಎರಡು ಮೊಳ ಕೊರೆದು ನೆಟ್ಟಿದ್ದ ಕಲ್ಲು, ಬುಡದಲ್ಲಿ ಗಾರೆ. ಅರ್ಧ ದಿನ ಹಿಡಿಯಿತು. ಎರಡನೆಯದು ಬೀಳುವಾಗ ಮೂರು ತುಂಡಾಯಿತು. ಆ ತುಂಡುಗಳನ್ನು ಇಂಜಿನ್ನಿನ ಅಡಿಪಾಯಕ್ಕೆ ಹಾಕಿದರೆ ಗಟ್ಟಿಯಾಗುತ್ತದೆ ಎಂದು ಅದನ್ನೂ ನಾನೇ ಹಾಕಿಸಿದೆ. ಕೆಲಸ ಅಷ್ಟು ಚೊಕ್ಕವಾಗಿ ಬಂದಿತ್ತು, ನನಗೆ ಹೆಮ್ಮೆ.

ಇಂಜಿನ್ ಹಚ್ಚಿದ ದಿನ ಒಬ್ಬ ಅಧಿಕಾರಿಯನ್ನು ಕರೆಸಿದ್ದರು. ಯಾರೋ ಆ ಅಧಿಕಾರಿಯ ಕೊರಳಿನ ಹಾರ ತೆಗೆದು ಭಕ್ತಿಯಿಂದ ಫ್ಲೈವೀಲಿಗೆ ಹಾಕಿದರು. ಬೇಡ ಬೇಡ ಎಂದು ನಾನು ಹೇಳುವುದರೊಳಗೆ ಇಂಜಿನ್ ಹೊತ್ತಿಕೊಂಡಿತು, ಚೆಂಡುಹೂವೆಲ್ಲ ಚಿಂದಿಯಾಗಿ ಅಧಿಕಾರಿಯ ಮೋರೆಗೆ ಎರಚಿತು. ಜನ ಬಿದ್ದುಬಿದ್ದು ನಕ್ಕರು. ಭಾವನೂ ನಕ್ಕ. ಪೈಪಿನಿಂದ ಸೊಂಡಿಲಿನ ಗಾತ್ರ ನೀರು ಹಾರಿ ಬಿದ್ದಾಗ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಂದ ಹೊಸದರಲ್ಲಿ ಎಲ್ಲವೂ ಚೆಂದವೇ.

ಅದಾಗಿ ಒಂದು ವಾರಕ್ಕೆ ಯಜಮಾನರು ನನ್ನನ್ನು ಜಗಲಿಗೆ ಕರೆದು ಕೂರಿಸಿಕೊಂಡರು. ಇಂಜಿನ್ನಿಗೆ ಮುಂದೆ ಎಣ್ಣೆ ಬೇಕಾದರೆ ಪರ್ಮಿಟ್ಟು ಬೇಕು, ಪರ್ಮಿಟ್ಟಿಗೆ ಅರ್ಜಿ, ಅರ್ಜಿಯ ಜೊತೆಗೆ ಇಂಜಿನ್ ಕೂರಿಸಿದ ಫಿಟ್ಟರನ ಬರವಣಿಗೆ. ಎಲ್ಲ ಇಂಗ್ಲಿಷಿನಲ್ಲಿ. ವರ್ಕ್‌ಶಾಪಿನಲ್ಲಿ ಸಂಪಾದಿಸಿದ ನಾಲ್ಕಕ್ಷರ ಇಂಗ್ಲಿಷು ತೋರಿಸಲು ನನಗೂ ಒಂದು ಜಾಗ ಬೇಕಾಗಿತ್ತು. ಇಂಜಿನ್ ಎಷ್ಟು ಕುದುರೆಯದು, ಬಾವಿ ಎಷ್ಟು ಆಳ, ಎಲ್ಲವನ್ನೂ ಗುಂಡಗೆ ಬರೆದುಕೊಂಡು ಬಂದೆ. ಒಂದು ಕಡೆ, ಈ ಬಾವಿಯಲ್ಲಿ ಬೇರೆಯವರ ಕಪಿಲೆ, ಏತ ಏನಾದರೂ ಇದೆಯೆ ಎಂದು ಕೇಳಿತ್ತು. ಪೆನ್ನು ನಿಂತಿತು.

"ಇಲ್ಲ ಅಂತ ಬರೀಲಾ" ಅಂದರು ಯಜಮಾನರು.

"ಭಾವನ್ದು ಇತ್ತಲ್ಲ ಯಜಮಾನ್ರೇ?"

"ಐತೆ ಅಂತ ಬರದ್ರೆ, ಎತ್ತೇ ಸಾಕಲ್ಲ, ಎಣ್ಣೆ ಯಾಕೆ ಅಂತಾರೆ. ಆಗ ಅವನ ತೋಟಕ್ಕೂ ನೀರಿಲ್ಲ, ನನ್ನ ಗದ್ದೆಗೂ ನೀರಿಲ್ಲ. ಇತ್ತು ಅಂತಾನಾ ಕೇಳಿರದು? ಈಗ ಐತಾ ಅಂತ ಕೇಳವ್ರೆ. ನೀನೇ ಕಿತ್ತಿದ್ದೀಯ. ಐತಾ?"

ಇರಲಿಲ್ಲ. ಯಂತ್ರದವನ ಬುದ್ಧಿ ಅಷ್ಟೇ: ಎದುರಿಗಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇಲ್ಲ ಎಂದು ಬರೆದೆ, ಕೆಳಗೆ ಫಿಟ್ಟರ್ ಎಂದು ಸೇರಿಸಿ ಸಹಿ ಮಾಡಿದೆ. ಯಜಮಾನರು ಅದನ್ನು ಬೆಳಕಿಗೆ ಹಿಡಿದು, "ಮುತ್ತು ಪೋಣಿಸ್ದಂಗೆ ಬರೀತೀಯ ಕಣ್ಲಾ" ಅಂದರು. ನಾನು ಆ ಮಾತನ್ನು ಮೆಲುಕು ಹಾಕಿಕೊಂಡು ಹೊಸೂರಿಗೆ ನಡೆದೆ.

ಎರಡು ವರ್ಷ ಹೇಳಿದ ಹಾಗೆಯೇ ನಡೆಯಿತು. ಇದನ್ನೂ ಹೇಳಬೇಕು. ಕಪಿಲೆ ಹೊಡೆಯುವುದು ತಪ್ಪಿತೆಂದು ಭಾವ ತನ್ನ ಜೋಡಿ ಎತ್ತನ್ನು ಮಾರಿಬಿಟ್ಟ. ಬಾನಿಯ ತೊಗಲು ಅಟ್ಟದಲ್ಲಿ ಇಲಿ ಪಾಲಾಯಿತು. ಎಲೆತೋಟ ಹಿಂದೆಂದೂ ಇಲ್ಲದಷ್ಟು ಹಬ್ಬಿತು. ಆಮೇಲೆ ಸ್ವಾತಂತ್ರ್ಯ ಬಂತು, ಬಾವುಟ ಏರಿತು, ಯಜಮಾನರು ಜಿಲ್ಲಾ ಬೋರ್ಡಿನ ಮೆಂಬರಾದರು. ಮನೆ ಮುಂದೆ ಕಾರುಗಳು ನಿಲ್ಲತೊಡಗಿದವು. ಗದ್ದೆಯ ಜಾಗದಲ್ಲಿ ಕಬ್ಬು ಬಂತು. ಕಬ್ಬು ಎಷ್ಟು ಕುಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಮೊದಲು ಭಾವನ ದಿನ ಬಂದಾಗ ಎಣ್ಣೆ ಮುಗಿಯತೊಡಗಿತು. ನಾಳೆ ಎಂದರು, ನಾಡಿದ್ದು ಎಂದರು. ಆಮೇಲೆ, ಪರ್ಮಿಟ್ಟಿನ ಎಣ್ಣೆ ಯಜಮಾನರ ಜಮೀನಿಗೆ ಮಾತ್ರ, ಬೇರೆಯವರಿಗೆ ಹರಿಸಿದರೆ ಪರ್ಮಿಟ್ಟೇ ರದ್ದಾಗುತ್ತದೆ ಎಂದು ಅವರ ಆಳು ಹೇಳಿದ. ಸರಿ, ಹಾಗಾದರೆ ನಾನು ಮೊದಲಿನ ಹಾಗೆ ಕಪಿಲೆ ಹೊಡೆಯುತ್ತೇನೆ ಎಂದು ಭಾವ ಎರವಲು ಎತ್ತು ತಂದು, ಬಡಗಣ ದಡದಲ್ಲಿ ಮರದ ಕಂಬ ನೆಡಲು ಗುಂಡಿ ತೆಗೆದ. ಯಜಮಾನರೇ ಬಂದು ನಿಂತು, ನನ್ನ ಸರ್ವೆ ನಂಬರಿನಲ್ಲಿ ಕಂಬ ನೆಡೋಕೆ ನೀನು ಯಾರು ಎಂದು ಕೇಳಿದರಂತೆ. ಆ ಮಾತು ಕೇಳಿ ಭಾವ ಹಾರೆ ಅಲ್ಲೇ ಬಿಟ್ಟು ನೆಟ್ಟಗೆ ಹೊಸೂರಿನ ನನ್ನ ಶೆಡ್ಡಿಗೆ ನಡೆದುಕೊಂಡು ಬಂದ.

ನನ್ನ ಮೈ ಉರಿದುಹೋಯಿತು. ಕೈಯೆಣ್ಣೆ ಒರೆಸಿಕೊಳ್ಳದೆ ಹೋದೆ. ಯಜಮಾನರು ಜಗಲಿಯಲ್ಲಿ ಯಾರೋ ನಾಲ್ಕು ಜನರ ಜೊತೆ ಕೂತಿದ್ದರು. ಎಲೆ ಅಡಿಕೆ ಕೊಟ್ಟು ಮಾತಾಡಿದ್ದು ಮರೆತಿರಾ ಎಂದು ಕೇಳಿಯೇಬಿಟ್ಟೆ. ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಆಗಲಿಲ್ಲ. ನಕ್ಕರು.

"ಮಾತು ಕೊಟ್ಟಿದ್ದು ನಿಜ ಕಣಪ್ಪ. ಆವತ್ತಿನ ಕಾಲಕ್ಕೆ ಅದು ಸರಿ. ಈಗ ಎಲ್ಲ ಕಾನೂನು ಪ್ರಕಾರ ನಡೀಬೇಕು, ನಮ್ಮದೇ ಸರ್ಕಾರ ಬಂದೈತೆ. ಅವನಿಗೆ ಹಕ್ಕಿದ್ರೆ ಕಚೇರೀಲಿ ಮನು ಕೊಡ್ಲಿ. ನಾನೇನು ಅಡ್ಡ ಬತ್ತೀನಾ?" ಎಂದು, ಪಕ್ಕದವರ ಕಡೆ ತಿರುಗಿ, "ನಮ್ಮ ಊರ ಹುಡುಗ. ನಾನೇ ಓದ್ಸಿದ್ದು" ಅಂದರು.

ಮನು ಅಂದರೆ ಅರ್ಜಿಯೇ ತಾನೆ, ಕೊಡುತ್ತೇನೆ, ನೋಡೇಬಿಡೋಣ ಎಂದು ಬಂದೆ. ನಾನೇ ಬರೆದೆ. ಇಬ್ಬರು ತಾತಂದಿರು, ಎರಡು ಕಂಬ, ದಿನ ಬಿಟ್ಟು ದಿನದ ನೀರು, ಇಂಜಿನ್ ಬಂದದ್ದು, ಎಲ್ಲವನ್ನೂ ಬರೆದೆ. ಭಾವ ಹೆಬ್ಬೆಟ್ಟು ಒತ್ತಿದ. ಕಚೇರಿಯಲ್ಲಿ ನ್ಯಾಯ ಸಿಕ್ಕೇ ಸಿಗುತ್ತದೆಂದು ಅಕ್ಕನಿಗೆ ಧೈರ್ಯ ಹೇಳಿದೆ. ಅಷ್ಟು ಹೊತ್ತಿಗೆ ತೋಟದ ಒಂದು ಮೂಲೆ ಆಗಲೇ ಹಳದಿಗೆ ತಿರುಗಿತ್ತು. ಅವಳು ಊರ ಸೇದುಬಾವಿಯಿಂದ ಕೊಡ ಹೊತ್ತು ಹೊತ್ತು ಬಳ್ಳಿಯ ಬುಡಕ್ಕೆ ಸುರಿಯುತ್ತಿದ್ದಳು. ನೆತ್ತಿಯಲ್ಲಿ ಕೂದಲು ಸವೆದುಹೋಗಿತ್ತು.

ಕಚೇರಿಯಿಂದ ಕರೆ ಬಂದ ದಿನ ಭಾವ ಒಗೆದ ಪಂಚೆ ಉಟ್ಟು ಬಂದಿದ್ದ. ಅಧಿಕಾರಿ ಒಳ್ಳೆಯವನೇ. ಪಾಪ, ಕೂತುಕೊಳ್ಳಿ ಎಂದ. ನಮ್ಮ ಮನು ಪೂರ್ತಿ ಓದಿದ. ಕಂಬದ ವಿಷಯಕ್ಕೆ ಬಂದಾಗ ತಲೆಯಾಡಿಸಿದ. ಈ ಕಡೆಯ ರೂಢಿ ಅವನಿಗೂ ಗೊತ್ತಿತ್ತು. ಕಂಬ ಇತ್ತು ಎಂಬುದಕ್ಕೆ ಏನಿದೆ ಎಂದು ಕೇಳಿದ. ಇಂಜಿನ್ ಕೂರಿಸಿದ ನಾನೇ ಸಾಕ್ಷಿ ಎಂದು ಎದೆ ಮುಂದೆ ಮಾಡಿ ನಿಂತೆ. ಆಗ ಅವನು ಬೇರೊಂದು ಫೈಲು ತೆರೆದು ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದ. ತಮಿಳಿನಲ್ಲಿ ಕೇಳಿದ, ಈ ಬರಹ, ಈ ಸಹಿ ನಿಮ್ಮದೇನಾ ಎಂದು.

ನನ್ನದೇ. ಮುತ್ತು ಪೋಣಿಸಿದ ಹಾಗಿತ್ತು.

"ಏನಂತೆ ಅದ್ರಾಗೆ?" ಭಾವ ನನ್ನ ತೋಳು ಮುಟ್ಟಿದ. ತಮಿಳು ಅವನಿಗೆ ತಿಳಿಯುತ್ತದೆ, ಹಾಳೆಯಲ್ಲಿದ್ದದ್ದು ಇಂಗ್ಲಿಷು. ಅಧಿಕಾರಿ, ನೀವೇ ಅವರಿಗೆ ಹೇಳಿಬಿಡಿ ಅಂದ. ನಾನು ಬರೆದದ್ದನ್ನು ನಾನೇ ಕನ್ನಡದಲ್ಲಿ ಓದಿ ಹೇಳಿದೆ. ಈ ಬಾವಿಯಲ್ಲಿ ಬೇರೆಯವರ ಕಪಿಲೆ, ಏತ ಯಾವುದೂ ಇಲ್ಲ.

"ಯಾರ್ ಬರ್ದಿರದು?"

"ನಾನೇ ಭಾವ."

ಅವನು ಹಾಳೆಯನ್ನೇ ನೋಡುತ್ತಿದ್ದ, ಅದರಲ್ಲಿ ತನಗೆ ತಿಳಿಯುವುದು ಏನಾದರೂ ಇದೆಯೇನೋ ಎಂಬಂತೆ. ಎಣ್ಣೆಗೋಸ್ಕರ ಬರೆದದ್ದು ಸ್ವಾಮಿ, ಆಗ ಕಂಬ ಕಿತ್ತಾಗಿತ್ತು, ಕಿತ್ತವನೂ ನಾನೇ ಎಂದು ನಾನು ಒದರಿದೆ. ಅಧಿಕಾರಿ ಸಮಾಧಾನವಾಗಿಯೇ ಕೇಳಿದ: ಆಗ ಬರೆದದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ? ಎರಡೂ ನಿಜ ಎಂದೆ. ಎರಡೂ ನಿಜವಾಗಿದ್ದರೆ ಕಚೇರಿಗೆ ಬರಹದಲ್ಲಿರುವ ನಿಜವೇ ಬೇಕು ಎಂದು ಅವನು ಫೈಲು ಮುಚ್ಚಿದ.

ಯಜಮಾನರು ಕಚೇರಿಯ ಹತ್ತಿರವೂ ಸುಳಿದಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ, ಅವರ ಪರವಾಗಿ ನಾನು ಹಾಜರಿದ್ದೆನಲ್ಲ. ಕಂಬ ಕೀಳಿಸಿದ ದಿನವೇ ಅವರು ಇದನ್ನೆಲ್ಲ ಯೋಚಿಸಿದ್ದರೋ, ಕಬ್ಬು ಹಾಕಿದ ಮೇಲೆ ಒದಗಿಬಂತೋ, ನನಗೆ ಇವತ್ತಿಗೂ ತಿಳಿಯದು. ಯೋಚಿಸಿಯೇ ಮಾಡಿದ್ದರೆ, ನನ್ನನ್ನು ಫಿಟ್ಟರ್ ಮಾಡಿದ್ದೂ ಅದಕ್ಕೇ ಇರಬೇಕು ಎನ್ನುವವರೆಗೂ ನನ್ನ ತಲೆ ಓಡಿದೆ. ಅಷ್ಟು ದೂರ ಓಡಬಾರದು ಎಂದು ಗೊತ್ತು. ಆದರೂ ನಂಬಿದವರು ಕುತ್ತಿಗೆ ಕೊಯ್ದರೆ, ಅವರು ಹಿಂದೆ ಹಾಕಿದ ಅನ್ನವೂ ಕಹಿಯಾಗುತ್ತದೆ. ಆ ಹಳೇ ಕೋಟನ್ನು ನಾನು ಶೆಡ್ಡಿನಲ್ಲಿ ಎಣ್ಣೆ ಒರೆಸುವ ಬಟ್ಟೆ ಮಾಡಿಕೊಂಡೆ. ಸಮಾಧಾನವೇನೂ ಆಗಲಿಲ್ಲ.

ಊರಿನ ದಾರಿಯಲ್ಲಿ ಭಾವ ಮುಂದೆ, ನಾನು ಹಿಂದೆ. ಬೈದುಬಿಡು ಭಾವ, ಎರಡೇಟು ಹಾಕು ಎಂದು ಹೇಳಬೇಕೆನಿಸುತ್ತಿತ್ತು. ಊರು ಕಾಣುವ ದಿಣ್ಣೆಯ ಮೇಲೆ ಅವನೇ ನಿಂತ.

"ನಿಮ್ಮಕ್ಕಂಗೆ ಕಾಗ್ದದ್ ಇಸ್ಯ ಯೋಳ್ಬೇಡ."

"ಯಾಕ್ ಭಾವ? ತಪ್ಪು ನಂದು. ನಾನೇ ಯೋಳ್ತೀನಿ."

"ಬ್ಯಾಡ. ಅವ್ಳಿಗೆ ತವರ್ಮನೆ ಅಂತ ಇರದು ನೀನೊಬ್ನೇ. ಅದೂ ಹೋಗ್ಬುಟ್ರೆ ಏನ್ಲಾ ಮಾಡ್ತಾಳೆ?"

ಕಚೇರಿಯವರು ಆಗಲ್ಲ ಅಂದರು ಎಂದಷ್ಟೇ ಅವನು ಅಕ್ಕನಿಗೆ ಹೇಳಿದ. ಅವಳು ಕಚೇರಿಯವರಿಗೆ, ಯಜಮಾನರಿಗೆ, ಅವರ ಮೂರು ತಲೆಮಾರಿಗೆ ಮಣ್ಣು ತೂರಿ ಶಾಪ ಹಾಕಿದಳು. ನಾನು ಪಕ್ಕದಲ್ಲಿ ಕೂತು ಕೇಳಿದೆ. ಬಾಯಿಬಿಡಲಿಲ್ಲ. ಭಾವ ಬೇಡ ಅಂದಿದ್ದಾನೆ ಎಂಬುದು ನೆಪ, ನನಗೇ ಧೈರ್ಯವಿರಲಿಲ್ಲ.

ಎಲೆತೋಟ ಆ ಬೇಸಿಗೆಯಲ್ಲೇ ಹೋಯಿತು. ಅಗಸೆ ಮರ ಕಡಿದು ಸೌದೆ ಮಾಡಿದರು.

ಮುಂದಿನ ವರ್ಷ ಒಂದು ಬೆಳಿಗ್ಗೆ ಭಾವ ಮತ್ತೆ ನನ್ನ ಶೆಡ್ಡಿಗೆ ಬಂದ. ಯಜಮಾನರ ಇಂಜಿನ್ ನೋಡಿಕೊಳ್ಳುತ್ತಿದ್ದ ಆಳು ಕೆಲಸ ಬಿಟ್ಟಿದ್ದ. ಆ ಜಾಗಕ್ಕೆ ಭಾವನನ್ನೇ ಕರೆದಿದ್ದರು. ಇವನು ಒಪ್ಪಿಕೊಂಡಿದ್ದ. ಹೊಟ್ಟೆ ಕೇಳಬೇಕಲ್ಲ.

"ಅದನ್ನ ಹೆಂಗ್ ಚಾಲೂ ಮಾಡದು, ವಸಿ ತೋರ್ಸ್ಕೊಡ್ಲಾ" ಅಂದ.

ಆ ಬಾವಿಯ ಕಡೆ ಇನ್ನು ಕಾಲಿಡುವುದಿಲ್ಲ ಎಂದು ಆಣೆ ಇಟ್ಟುಕೊಂಡಿದ್ದೆ. ಅವನು ಕೇಳಿದ ಮೇಲೆ ಹೋಗದೆ ಇರಲಾಗಲಿಲ್ಲ. ಬಂಡೆಯ ಮೇಲೆ ಇಂಜಿನ್ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಎದುರಿಗೆ ಮೂಡಣ ದಡದಲ್ಲಿ ಯಜಮಾನರ ಕಲ್ಲುಕಂಬ ಹಾಗೆಯೇ ನಿಂತಿತ್ತು, ಅದನ್ನು ಯಾರೂ ಕಿತ್ತಿರಲಿಲ್ಲ. ಟ್ಯಾಂಕಿಗೆ ಎಣ್ಣೆ ತುಂಬುವುದು, ಪಂಪಿಗೆ ಮೊದಲು ನೀರು ಹೊಯ್ಯುವುದು, ಎಲ್ಲ ಹೇಳಿಕೊಟ್ಟೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಬಾರದು, ನಾಲ್ಕು ಬೆರಳಿನ ಕಡೆಗೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಇಂಜಿನ್ ಹಿಂದಕ್ಕೆ ಒದ್ದಾಗ ಮುರಿದುಹಾಕುತ್ತದೆ ಎಂದು ಅವನ ಕೈ ಹಿಡಿದು ಬೆರಳು ಜೋಡಿಸಿದೆ. ಮೂರನೆಯ ಸಲಕ್ಕೆ ಇಂಜಿನ್ ಹೊತ್ತಿಕೊಂಡಿತು. ನೀರು ಕಬ್ಬಿನ ಕಡೆ ಹರಿಯಿತು. ಭಾವ ಗುದ್ದಲಿ ಹಿಡಿದು ಯಜಮಾನರ ಮಡಿಗೆ ನೀರು ತಿರುಗಿಸಿದ.

ಮಧ್ಯಾಹ್ನ ಅಕ್ಕ ಇಬ್ಬರಿಗೂ ಸೇರಿಸಿ ಬುತ್ತಿ ತಂದಳು. ಬಂಡೆಯ ಮೇಲೆ ಇಂಜಿನ್ನಿನ ಪಕ್ಕದಲ್ಲಿ ಕೂರಿಸಿ ಮುದ್ದೆ ಇಕ್ಕಿದಳು. ತೋಟ ಹೋದ ಮೇಲೆ ಅವಳ ಮುಖ ಅಷ್ಟು ಗೆಲುವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

"ನೀನಿದ್ದಿದ್ಕೆ ನಿಮ್ ಭಾವಂಗೆ ಒಂದು ದಾರಿ ಆಯ್ತು ಕಣ್ಲಾ" ಅಂದಳು. "ಆ ಯಜಮಾನ್ನ ಹತ್ರ ಮಾತಾಡಿ ನನ್ ತಮ್ಮನೇ ಈ ಕೆಲ್ಸ ಕೊಡ್ಸಿದ್ದು ಅಂತ ಊರಾಗೆಲ್ಲ ಯೋಳ್ಕಂಡ್ ಬಂದೆ."

ಭಾವ ತಲೆಯೆತ್ತಲಿಲ್ಲ, ಮುದ್ದೆ ಮುರಿಯುತ್ತಿದ್ದ. ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ನಾನು ಉಂಡೆ.